ರೆಕ್ 0001: ಮಾವನ ತಾಳಮದ್ದಳೆಗೆ ದಾರಿಯಲ್ಲೇ ಹೆಸರಿಟ್ಟ ಕಥೆ

ನಮ್ಮ ಮಾವನ ಹತ್ತಿರ ಒಂದು ಸಣ್ಣ ರೆಕಾರ್ಡರ್ ಉಂಟು. ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು. ಕೇರಳದಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಪೈವಳಿಕೆ, ಅಡೂರು, ಎಲ್ಲಿ ತಾಳಮದ್ದಳೆ ಇದ್ದರೂ ಮಾವ ಮುಂದಿನ ಸಾಲಿನಲ್ಲಿ ಇರುತ್ತಾರೆ, ರೆಕಾರ್ಡರ್ ಸ್ಪೀಕರಿನ ಹತ್ತಿರ ಇರುತ್ತದೆ. ನೀರ್ಚಾಲಿನ ಮನೆಗೆ ಬಂದ ಮೇಲೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕುತ್ತಾರೆ. ಅದರಲ್ಲಿ "ಕಳಿಸು" ಅಂತ ಒಂದು ಐಕಾನ್ ಮಾಡಿ ಕೊಟ್ಟಿದ್ದೆ. ಒತ್ತಿದರೆ ಬದಿಯಡ್ಕದ ನನ್ನ ಅಂಗಡಿಯಲ್ಲಿರುವ ಹಳೇ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಕಂಪ್ಯೂಟರಿಗೆ ಫೈಲುಗಳು ಬಂದು ಬೀಳುತ್ತವೆ. ಒಳಗೆ ಇದ್ದದ್ದು ಒಂದೇ ಸಾಲಿನ ಆರ್‌ಸಿಂಕ್, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಾಪಿ ಮಾಡುವ ಪ್ರೋಗ್ರಾಮ್. ಎರಡು ಕಂಪ್ಯೂಟರಿನ ನಡುವೆ ವೈರ್‌ಗಾರ್ಡ್ ಅನ್ನುವ ಖಾಸಗಿ ಸಂಪರ್ಕ ಹಾಕಿದ್ದೇನೆ, ಅದರ ಕಥೆ ಬೇರೆ.

ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ದಿನ ಮಾವನ ಫೋನು.

"ಪೆರ್ಲದ್ದು ಹಾಕಿದರೆ ಪೈವಳಿಕೆಯದ್ದು ಕೇಳ್ತದಲ್ಲ. ಎಂತ ಮಾಡಿದ್ದಿ ಮಾರಾಯ?"

ಮಾವನ ಹತ್ತಿರ ಒಂದು ನೋಟ್‌ಬುಕ್ ಇದೆ. ರೆಕ್ 0001 ಅಂದರೆ ಪೆರ್ಲ, ರೆಕ್ 0002 ಅಂದರೆ ಕುಂಬಳೆ, ಹೀಗೆ ಬರೆದಿಡುತ್ತಾರೆ. ನಾನು ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದೆ. ರೆಕ್ 0001 ಇದೆ. ಆದರೆ ತಾರೀಕು ಮೊನ್ನೆಯದು.

ಆದದ್ದು ಇಷ್ಟೇ. ಕಾರ್ಡ್ 32 ಜಿಬಿಯದು. ಸಿಡಿ ಗುಣಮಟ್ಟದ ವೇವ್ ಫೈಲು ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ. ಅಂದರೆ ಕಾರ್ಡಿನಲ್ಲಿ 50 ಗಂಟೆ ಹಿಡಿಯುತ್ತದೆ. ಮಾವನ ಲೆಕ್ಕದಲ್ಲಿ ಅದು ಒಂದು ವರ್ಷದ ಸಂಗ್ರಹ. ಕಾರ್ಡ್ ತುಂಬಿತು, ಮಾವ ಫಾರ್ಮ್ಯಾಟ್ ಮಾಡಿದರು. ರೆಕಾರ್ಡರ್ ಮತ್ತೆ 0001ರಿಂದ ಎಣಿಸಲು ಶುರು ಮಾಡಿತು. ಆರ್‌ಸಿಂಕ್ ನೋಡುವುದು ಹೆಸರು, ಗಾತ್ರ, ಸಮಯ. ಹೆಸರು ಅದೇ, ಗಾತ್ರ ಬೇರೆ. ಫೈಲು ಬದಲಾಗಿದೆ ಅಂದುಕೊಂಡು ಹೊಸದನ್ನು ಹಳೆಯದರ ಮೇಲೆ ಹಾಕಿತು. ಅದರ ತಪ್ಪಿಲ್ಲ. ನಾನು ಹೇಳಿದ್ದನ್ನೇ ಮಾಡಿತು.

ನಾಲ್ಕು ಫೈಲು ಹೋಗಿತ್ತು. ಅಳಿಸಿದ ಫೈಲು ಹುಡುಕುವ ಫೋಟೊರೆಕ್ ಅನ್ನುವ ಪ್ರೋಗ್ರಾಮನ್ನು ಕಾರ್ಡಿನ ಮೇಲೆ ಓಡಿಸಿದೆ. ಒಂದು ಪೂರ್ತಿ ಸಿಕ್ಕಿತು, ಇನ್ನೊಂದು ಅರ್ಧ. ಉಳಿದ ಎರಡರ ಜಾಗದಲ್ಲಿ ಹೊಸ ರೆಕಾರ್ಡಿಂಗ್ ಕೂತಾಗಿತ್ತು. ಫೋಟೊರೆಕ್ ಹೆಸರನ್ನು ಹುಡುಕಿ ಕೊಡುವುದಿಲ್ಲ. ಎಫ್ ಅಕ್ಷರ, ಆಮೇಲೆ ಒಂದು ಉದ್ದದ ನಂಬರ್ ಹಾಕಿ ಕೊಡುತ್ತದೆ, ಅಷ್ಟೇ.

ಮೊದಲು ಕಂಡ ಸುಲಭದ ದಾರಿ, ಆರ್‌ಸಿಂಕಿಗೆ "ಇರುವುದನ್ನು ಮುಟ್ಟಬೇಡ" ಅಂತ ಹೇಳುವ ಇಗ್ನೋರ್ ಎಕ್ಸಿಸ್ಟಿಂಗ್. ಆದರೆ ಹಾಗೆ ಮಾಡಿದರೆ ಹಳೆಯದು ಉಳಿಯುತ್ತದೆ, ಹೊಸದು ಬರುವುದೇ ಇಲ್ಲ. ಮಾವ ಬಂತು ಅಂದುಕೊಂಡು ಕಾರ್ಡ್ ಅಳಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಬರುವಾಗಲೇ ಹೆಸರು ಬದಲಾಗಬೇಕು, ಬೇರೆ ದಾರಿ ಇಲ್ಲ.

ಹೆಸರು ಏನಿಡುವುದು?

ನಾನು ಇಂಗ್ಲಿಷ್ ಅಕ್ಷರದಲ್ಲಿ ಇಡೋಣ ಅಂದೆ. ಮಾವ ಒಪ್ಪಲಿಲ್ಲ. "ಬಸ್ಸಿನ ಬೋರ್ಡ್ ಹೇಗೂ ಕನ್ನಡದಲ್ಲಿ ಸಿಗುವುದು ಕಮ್ಮಿ. ನನ್ನ ಫೈಲಾದರೂ ಕನ್ನಡದಲ್ಲಿ ಇರಲಿ." ಅವರು ಹೇಳುವುದರಲ್ಲಿ ಇನ್ನೊಂದು ನ್ಯಾಯವೂ ಇದೆ. ಇಂಗ್ಲಿಷ್‌ನಲ್ಲಿ ಕಾಸರಗೋಡು ಬರೆಯುವಾಗ ಎಸ್ ಆದ ಮೇಲೆ ಎ ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಕನ್ನಡದಲ್ಲಾದರೆ ಒಂದೇ ಸ್ಪೆಲಿಂಗ್ ಅಲ್ವಾ, ಅಂತ ನಾನೂ ಒಪ್ಪಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನನ್ನನ್ನು ಹಿಡಿದು ಗುದ್ದಿದ್ದು ಇದೇ.

ಕೊನೆಗೆ ನಿಂತ ಮಾದರಿ ಹೀಗಿದೆ: 2024-12-07_ಪೆರ್ಲ_ವಾಲಿವಧೆ_1. ವರ್ಷ ಮೊದಲು, ಆಮೇಲೆ ತಿಂಗಳು, ದಿನ. ನಮ್ಮ ಅಭ್ಯಾಸದಂತೆ ದಿನ ಮೊದಲು ಬರೆದರೆ ಪಟ್ಟಿಯಲ್ಲಿ ಎಲ್ಲಾ ತಿಂಗಳ 1ನೇ ತಾರೀಕು ಒಟ್ಟಿಗೆ ಬಂದು ಕೂರುತ್ತದೆ. ನಡುವೆ ಖಾಲಿ ಜಾಗ ಇಲ್ಲ, ಅಂಡರ್‌ಸ್ಕೋರ್ ಮಾತ್ರ. ದೂರದ ಕಂಪ್ಯೂಟರಿಗೆ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಮೂಲಕ ಆ ಕಡೆ ಕಳಿಸಿದ್ದನ್ನು ಅಲ್ಲಿನ ಶೆಲ್ (ಆಜ್ಞೆ ಓದಿ ನಡೆಸುವ ಪ್ರೋಗ್ರಾಮ್) ಇನ್ನೊಂದು ಸಲ ಬಿಡಿಸಿ ಓದುತ್ತದೆ. ಒಂದು ಸಲ ಉದ್ಧರಣ ಚಿಹ್ನೆ ಹಾಕಿದರೆ ಸಾಲದು, ಹೆಸರು ಖಾಲಿ ಜಾಗದಲ್ಲಿ ತುಂಡಾಗುತ್ತದೆ. ಆ ತಲೆನೋವೇ ಬೇಡ ಅಂತ ಬಿಟ್ಟೆ. ಗಂಟೆ ನಿಮಿಷವನ್ನು ಕೋಲನ್ ಹಾಕಿ ಬರೆಯುವ ಆಸೆಯೂ ಇತ್ತು. ಲಿನಕ್ಸ್ ಒಪ್ಪಿತು, ಮಾವ ಕಾರಿನಲ್ಲಿ ಕೇಳಲಿಕ್ಕೆ ಇಟ್ಟಿದ್ದ ಫ್ಯಾಟ್32 ಪೆನ್‌ಡ್ರೈವ್ ಒಪ್ಪಲಿಲ್ಲ. ತೆಗೆದೆ.

ತಾರೀಕಿನದ್ದೇ ಒಂದು ತಮಾಷೆ. ಫೈಲಿನ ಸಮಯ ಅಂದರೆ ಕೊನೆಯ ಸಲ ಬರೆದ ಸಮಯ. ತಾಳಮದ್ದಳೆ ರಾತ್ರಿ 10ಕ್ಕೆ ಶುರುವಾಗಿ 2 ಗಂಟೆಗೆ ಮುಗಿದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಮರುದಿನದ್ದು. ಶನಿವಾರದ ಕಾರ್ಯಕ್ರಮ ಭಾನುವಾರದ ಹೆಸರಲ್ಲಿ ಬರುತ್ತಿತ್ತು. ಅದಕ್ಕೆ "ಕಳಿಸು" ಐಕಾನಿನ ಒಳಗೆ ಈಗ ಬರೆದಿಟ್ಟ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ) ಫೈಲಿನ ಸಮಯದಿಂದ 8 ಗಂಟೆ ಕಳೆದು ತಾರೀಕು ತೆಗೆಯುತ್ತದೆ. ಬೆಳಿಗ್ಗೆ 6ಕ್ಕೆ ಮುಗಿದದ್ದೂ ಹಿಂದಿನ ದಿನಕ್ಕೇ ಹೋಗುತ್ತದೆ, ಮಧ್ಯಾಹ್ನ 1ಕ್ಕೆ ಮುಗಿದದ್ದು ಅದೇ ದಿನದಲ್ಲಿ ಉಳಿಯುತ್ತದೆ. ಇನ್ನು ರೆಕಾರ್ಡರಿನ ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಇಟ್ಟರೆ ಅದರ ಗಡಿಯಾರ ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ತಾರೀಕು 60 ದಿನಕ್ಕಿಂತ ಹಳೆಯದಾದರೆ ಸ್ಕ್ರಿಪ್ಟ್ ಮಾವನನ್ನೇ ಕೇಳುತ್ತದೆ. ಊರು ಮತ್ತು ಪ್ರಸಂಗವನ್ನೂ ಕೇಳುತ್ತದೆ. ಪರದೆಯ ಮೇಲೆ ಕೇಳುವ ಪೆಟ್ಟಿಗೆ ಜೆನಿಟಿ ಅನ್ನುವ ಪ್ರೋಗ್ರಾಮಿನದು. ಊರಿಗೆ ಪಟ್ಟಿ ಇದೆ, ಆರಿಸಿದರೆ ಸಾಕು. ಪ್ರಸಂಗ ಟೈಪ್ ಮಾಡಬೇಕು.

ಕರೆಂಟು ಹೋದ ದಿನಗಳು

ಆರ್‌ಸಿಂಕ್ ಒಟ್ಟಿಗೆ ಹತ್ತು ಫೈಲು ಕಳಿಸುವಾಗ ಹೆಸರು ಬದಲಿಸುವುದಿಲ್ಲ. ಆದರೆ ಒಂದೇ ಫೈಲು ಕೊಟ್ಟು, ಆ ಕಡೆ ಫೋಲ್ಡರಿನ ಬದಲು ಹೊಸ ಹೆಸರನ್ನೇ ಬರೆದರೆ ಆ ಹೆಸರಿನಲ್ಲೇ ಇಳಿಸುತ್ತದೆ. ಕಾಪಿ ಮಾಡುವ ಇನ್ನೊಂದು ಆಜ್ಞೆ ಎಸ್‌ಸಿಪಿಯೂ ಹಾಗೆಯೇ. ಹಾಗಾಗಿ ಒಂದು ಲೂಪ್ ಹಾಕಿ ಫೈಲುಗಳನ್ನು ಒಂದೊಂದಾಗಿ ಕಳಿಸಿದೆ. ಅರ್ಧ ದಿನದ ಕೆಲಸ. ಮುಗಿಯಿತು ಅಂದುಕೊಂಡೆ.

ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೊಂದು ಸ್ಕ್ರಿಪ್ಟ್ ಇದೆ. 10 ನಿಮಿಷಕ್ಕೊಮ್ಮೆ ನೋಡಿ, ಹೊಸ ವೇವ್ ಫೈಲು ಬಂದಿದ್ದರೆ ಎಂಪಿ3 ಮಾಡಿ ಇಡುತ್ತದೆ. ಒಂದು ಮಳೆಗಾಲದ ಸಂಜೆ ಮಾವ ಕಳಿಸು ಒತ್ತಿದ್ದಾರೆ. 2 ಜಿಬಿಯ ಫೈಲು, ಅವರ ಮನೆಯಿಂದ ಮೇಲೆ ಹೋಗುವ ವೇಗ 10 ಎಂಬಿಪಿಎಸ್. ಸುಮಾರು ಅರ್ಧ ಗಂಟೆ ಬೇಕು. ಗುಡುಗು ಬಂತು, ಕರೆಂಟು ಹೋಯಿತು, ರೂಟರ್ ಸತ್ತಿತು. ಮರುದಿನ ನೋಡಿದರೆ ಎಂಪಿ3 ತಯಾರಾಗಿ ಕೂತಿದೆ, ಆದರೆ ಅರ್ಥಧಾರಿ ಮಾತಿನ ಮಧ್ಯದಲ್ಲೇ ನಿಂತಿದ್ದಾರೆ.

ನನಗೆ ಇದು ಅರ್ಥವೇ ಆಗಲಿಲ್ಲ. ಆರ್‌ಸಿಂಕ್ ಹಾಗೆ ಮಾಡುವುದಿಲ್ಲ ಅಂತ ನನ್ನ ನಂಬಿಕೆ. ಅದು ಬರುತ್ತಿರುವ ಫೈಲಿಗೆ ಮುಂದೆ ಒಂದು ಚುಕ್ಕೆ, ಹಿಂದೆ ಯಾವುದೋ ಆರು ಅಕ್ಷರ ಸೇರಿಸಿ ಅಡಗಿಸಿ ಇಡುತ್ತದೆ. ಪೂರ್ತಿ ಬಂದ ಮೇಲೆಯೇ ನಿಜ ಹೆಸರಿಗೆ ಬದಲಿಸುತ್ತದೆ. ಮತ್ತೆ ಅರ್ಧ ಫೈಲಿಗೆ ನಿಜ ಹೆಸರು ಕೊಟ್ಟವರು ಯಾರು?

ನಾನೇ. ಕಮಾಂಡಿನಲ್ಲಿ ದೊಡ್ಡ ಪಿ ಹಾಕಿದ್ದೆ, ಎಷ್ಟು ಶೇಕಡಾ ಆಯಿತು ಅಂತ ಮಾವನಿಗೆ ಕಾಣಲಿ ಅಂತ. ದೊಡ್ಡ ಪಿ ಅಂದರೆ ಎರಡು ಆಯ್ಕೆಗಳು ಒಟ್ಟಿಗೆ: ಪ್ರೋಗ್ರೆಸ್ ಮತ್ತು ಪಾರ್ಶಿಯಲ್. ಪಾರ್ಶಿಯಲ್ ಇದ್ದರೆ, ಸಂಪರ್ಕ ಕಡಿದಾಗ ಅಲ್ಲಿಯವರೆಗೆ ಬಂದದ್ದನ್ನು ಬಿಸಾಡದೆ ಉಳಿಸುತ್ತದೆ. ಮುಂದಿನ ಸಲ ಅಲ್ಲಿಂದ ಮುಂದುವರಿಸಲಿಕ್ಕೆ. ಆದರೆ ಉಳಿಸುವುದು ನಿಜ ಹೆಸರಿನಲ್ಲೇ! ನೋಡುವವನಿಗೆ ಅದು ಪೂರ್ತಿ ಫೈಲಿನ ಹಾಗೆಯೇ ಕಾಣುತ್ತದೆ. ವರ್ಷಗಟ್ಟಲೆ ದೊಡ್ಡ ಪಿ ಬಳಸಿದ್ದೇನೆ. ಮ್ಯಾನ್ಯುಯಲ್ ಸರಿಯಾಗಿ ಓದಿದ್ದು ಆವತ್ತು.

ಅರ್ಧ ಫೈಲನ್ನು ಬೇರೆ ಫೋಲ್ಡರಿನಲ್ಲಿ ಇಡುವ ಪಾರ್ಶಿಯಲ್ ಡಿರ್ ಅಂತ ಇನ್ನೊಂದು ಆಯ್ಕೆ ಇದೆ. ಅದೂ ಸಾಕಾಗುತ್ತಿತ್ತು. ಆದರೆ ನನಗೆ ಕಣ್ಣಿಗೆ ಕಾಣುವ ಗುರುತು ಬೇಕಿತ್ತು. ಹಾಗಾಗಿ ಫೈಲಿನ ಕೊನೆಗೆ ".ಬಾಕಿ" ಅಂತ ಬಾಲ ಕಟ್ಟಿ ಕಳಿಸಿದೆ. ಎಂಪಿ3 ಮಾಡುವ ಸ್ಕ್ರಿಪ್ಟ್ ವೇವ್ ಅಂತ ಕೊನೆಯಾಗುವ ಹೆಸರನ್ನು ಮಾತ್ರ ಮುಟ್ಟುತ್ತದೆ. ಪೂರ್ತಿ ಬಂದ ಮೇಲೆ ಎರಡೂ ಕಡೆ ಶಾ256ಸಮ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹಾಕಿ ಹೋಲಿಸುವುದು. ಸರಿ ಇದ್ದರೆ ಮಾತ್ರ ಬಾಕಿಯನ್ನು ಕತ್ತರಿಸುವುದು.

ಕತ್ತರಿಸುವ ಕೆಲಸ ಫೈಲು ಸರಿಸುವ ಆಜ್ಞೆ ಎಮ್‌ವಿಯದು. ಒಂದೇ ಡಿಸ್ಕಿನ ಒಂದೇ ವಿಭಾಗದೊಳಗೆ ಎಮ್‌ವಿ ಅಂದರೆ ಬರೀ ಹೆಸರು ಬದಲಾವಣೆ. ಫೈಲು ಎಷ್ಟೇ ದೊಡ್ಡದಿರಲಿ, ಒಂದೇ ಏಟಿಗೆ ಆಗುತ್ತದೆ. ಹಳೇ ಹೆಸರು ಇರುತ್ತದೆ, ಇಲ್ಲದಿದ್ದರೆ ಹೊಸದು ಇರುತ್ತದೆ, ಅರ್ಧಂಬರ್ಧ ಅಂತ ಇಲ್ಲ. ನಾನು ಮೊದಲು ಏನು ಮಾಡಿದ್ದೆ ಅಂದರೆ, ಬರುವ ಫೋಲ್ಡರನ್ನು ಎಸ್‌ಎಸ್‌ಡಿಯಲ್ಲಿ, ಇಡುವ ಫೋಲ್ಡರನ್ನು 2 ಟಿಬಿಯ ಇನ್ನೊಂದು ಡಿಸ್ಕಿನಲ್ಲಿ ಇಟ್ಟಿದ್ದೆ. ಆಗ ಎಮ್‌ವಿ ಹೆಸರು ಬದಲಿಸುವುದಿಲ್ಲ, ಕಾಪಿ ಮಾಡಿ ಆಮೇಲೆ ಹಳೆಯದನ್ನು ಅಳಿಸುತ್ತದೆ. ಮತ್ತೆ ಅದೇ ಅರ್ಧ ಫೈಲಿನ ಕಾಟ. ಎರಡೂ ಫೋಲ್ಡರನ್ನು ಒಂದೇ ಡಿಸ್ಕಿಗೆ ತಂದೆ.

ಎಮ್‌ವಿಗೆ ಮೈನಸ್ ಎನ್ ಹಾಕಿದ್ದೇನೆ, ಇರುವ ಫೈಲಿನ ಮೇಲೆ ಹಾಕದಿರಲಿ ಅಂತ. ಒಂದು ಸಲ ಪೆಟ್ಟು ತಿಂದವನು ನಾನು. ಆದರೆ ನನ್ನ ಡೆಬಿಯನ್‌ನಲ್ಲಿ ಅದು ಕೆಲಸ ಬಿಟ್ಟರೂ ಏನೂ ಹೇಳುವುದಿಲ್ಲ, ಯಶಸ್ವಿ ಅಂತಲೇ ವರದಿ ಕೊಡುತ್ತದೆ. ಹಾಗಾಗಿ ಎಮ್‌ವಿ ಆದ ಮೇಲೆ ಬಾಕಿ ಫೈಲು ಇನ್ನೂ ಅಲ್ಲೇ ಇದೆಯಾ ಅಂತ ನೋಡಬೇಕು. ಇದ್ದರೆ ಆ ಹೆಸರಿನದ್ದು ಮೊದಲೇ ಒಂದು ಇದೆ ಅಂತ ಅರ್ಥ. ಆಗ ಮಾವನಿಗಲ್ಲ, ನನಗೆ ಸಂದೇಶ ಬರುತ್ತದೆ.

ಇನ್ನೊಂದು ಕರೆಂಟಿನ ಕಥೆ. ಮೊದಲ ಸಲ ಕಳಿಸುವಾಗ ಮಾವ "ವಾಲಿವಧೆ" ಅಂತ ಟೈಪ್ ಮಾಡಿದ್ದರು. ಅರ್ಧದಲ್ಲಿ ಕಡಿಯಿತು. ಎರಡನೇ ಸಲ ಒತ್ತಿದಾಗ ಪೆಟ್ಟಿಗೆ ಮತ್ತೆ ಕೇಳಿತು. ಈ ಸಲ "ವಾಲಿ ಮೋಕ್ಷ" ಅಂದರು. ಅವರ ಪ್ರಕಾರ ಎರಡೂ ಒಂದೇ. ಆರ್‌ಸಿಂಕಿಗೆ ಬೇರೆ ಬೇರೆ. ಮುಕ್ಕಾಲು ಬಂದದ್ದನ್ನು ಬಿಟ್ಟು ಸೊನ್ನೆಯಿಂದ ಶುರು. ಅದಾದ ಮೇಲೆ ದಾರಿ ಬದಲಿಸಿದೆ. ಮೊದಲು ಕಾರ್ಡಿನಿಂದ ಲ್ಯಾಪ್‌ಟಾಪಿಗೆ ಹೊಸ ಹೆಸರಿನಲ್ಲಿ ಇಳಿಸುವುದು. ಹೆಸರು ಕೇಳುವುದು ಆಗ ಮಾತ್ರ, ಒಂದೇ ಸಲ. ಆಮೇಲೆ ಎಷ್ಟು ಸಲ ಕಡಿದರೂ ಅದೇ ಹೆಸರಿನಲ್ಲಿ ಮುಂದುವರಿಯುತ್ತದೆ.

85 ಅಕ್ಷರ

ಮಾವನಿಗೆ ಟೈಪ್ ಮಾಡುವುದು ಅಭ್ಯಾಸವಾಯಿತು. ಜಾಸ್ತಿಯೇ ಆಯಿತು. ಪ್ರಸಂಗದ ಜಾಗದಲ್ಲಿ ದೇವಸ್ಥಾನದ ಪೂರ್ತಿ ಹೆಸರು, ವಾರ್ಷಿಕೋತ್ಸವದ ಪ್ರಯುಕ್ತ, ಭಾಗವತರು ಯಾರು, ಮದ್ದಳೆ ಯಾರು, ಆಮಂತ್ರಣ ಪತ್ರಿಕೆಯನ್ನೇ ಹಾಕಿದರು. ಆರ್‌ಸಿಂಕ್ "ಹೆಸರು ತುಂಬಾ ಉದ್ದ" ಅಂದಿತು.

ಲಿನಕ್ಸ್ ಡಿಸ್ಕಿನಲ್ಲಿ ಫೈಲು ಇಡುವ ಪದ್ಧತಿಯಾದ ಎಕ್ಸ್ಟ್4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ್ದು ಒಂದಕ್ಕೆ ಮೂರು. ಅಂದರೆ ನಮಗೆ ಸಿಗುವುದು 85. ಆ 85ರಲ್ಲಿ ಗುಡಿಸು, ಕೊಂಬು, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. "ಶ್ರೀ" ಅಂತ ಒಂದು ಬರೆದರೆ ಶ, ಹಲಂತ, ರ, ಈಕಾರ, ನಾಲ್ಕು ಆಯಿತು, 12 ಬೈಟ್. ವಿಂಡೋಸಿನ ಪದ್ಧತಿ ಎನ್‌ಟಿಎಫ್‌ಎಸ್‌ನಲ್ಲಿ ಲೆಕ್ಕ ಬೇರೆ, ಅಲ್ಲಿ ಕನ್ನಡಕ್ಕೂ 255 ಸಿಗುತ್ತದೆ. ಅದಕ್ಕೇ ಅಲ್ಲಿ ಇಟ್ಟ ಉದ್ದದ ಹೆಸರು ಇಲ್ಲಿ ಬರುವಾಗ ಬಾಗಿಲಿಗೆ ತಲೆ ತಾಗಿಸಿಕೊಳ್ಳುವುದು.

ನಗು ಬರಿಸಿದ್ದು ನನ್ನದೇ ಬಾಲ. ".ಬಾಕಿ" ಅಂದರೆ ಚುಕ್ಕೆಗೆ 1, ಉಳಿದದ್ದಕ್ಕೆ 12, ಒಟ್ಟು 13 ಬೈಟ್. 245 ಬೈಟಿನ ಹೆಸರು ಲ್ಯಾಪ್‌ಟಾಪಿನಲ್ಲಿ ಕೂತಿತ್ತು, ಬಾಲ ಸೇರಿದಾಗ 258 ಆಗಿ ಬಿತ್ತು. ಈಗ ಸ್ಕ್ರಿಪ್ಟ್ ಪ್ರಸಂಗವನ್ನು ಕೊನೆಯ ಪೂರ್ತಿ ಪದಕ್ಕೆ ನಿಲ್ಲಿಸಿ, ಇಡೀ ಹೆಸರು 200 ಬೈಟ್ ಮೀರದ ಹಾಗೆ ನೋಡುತ್ತದೆ. ಬೈಟ್ ಲೆಕ್ಕದಲ್ಲಿ ಸುಮ್ನೆ ಕತ್ತರಿಸಿದರೆ ಅಕ್ಷರದ ಮಧ್ಯೆ ಕತ್ತರಿ ಬೀಳುತ್ತದೆ, ಕೊನೆಯಲ್ಲಿ ಕಪ್ಪು ಪ್ರಶ್ನೆ ಗುರುತು ಬರುತ್ತದೆ. ಮಾವನ ಆಮಂತ್ರಣ ಪತ್ರಿಕೆಗೆ ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲು ಮಾಡಿ ಕೊಟ್ಟೆ.

ಎರಡು ಕಾಸರಗೋಡು

ತಂಗಿ ಮಂಗಳೂರಿನಲ್ಲಿದ್ದಾಳೆ. ಅವಳ ಹತ್ತಿರ ಹಳೇ ಮ್ಯಾಕ್ ಇದೆ. ರೆಕಾರ್ಡಿಂಗಿನಲ್ಲಿರುವ ಫ್ಯಾನಿನ ಸದ್ದು ತೆಗೆದು ಕೊಡುತ್ತೇನೆ ಅಂತ, ಊರಿಗೊಂದರಂತೆ ಇದ್ದ ಎಲ್ಲಾ ಫೋಲ್ಡರನ್ನೂ ತನ್ನ ಹೊರಗಿನ ಡಿಸ್ಕಿಗೆ ತೆಗೆದುಕೊಂಡಳು. ಕೆಲಸ ಮುಗಿಸಿ ಆರ್‌ಸಿಂಕ್‌ನಲ್ಲೇ ವಾಪಸ್ ಕಳಿಸಿದಳು. ಬೆಳಿಗ್ಗೆ ನೋಡಿದರೆ ನನ್ನ ಡಿಸ್ಕಿನಲ್ಲಿ ಕಾಸರಗೋಡು ಅಂತ ಎರಡು ಫೋಲ್ಡರ್. ಅಕ್ಷರಕ್ಕೆ ಅಕ್ಷರ ಅದೇ. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಇರುವುದು ಸಾಧ್ಯವೇ ಇಲ್ಲ ಅಲ್ವಾ?

ಅಂಗಡಿಯ ಬಿಲ್ಲಿನ ಹಿಂದೆ ಬರೆದು ನೋಡಿದೆ. ಎರಡಾದವು: ಕಾಸರಗೋಡು, ನೀರ್ಚಾಲು, ಮಂಜೇಶ್ವರ, ಪೈವಳಿಕೆ, ಮುಳ್ಳೇರಿಯ. ಒಂದೇ ಉಳಿದವು: ಬದಿಯಡ್ಕ, ಪೆರ್ಲ, ಕುಂಬಳೆ, ಉಪ್ಪಳ, ಅಡೂರು. ಚಹಾ ಕುಡಿಯುತ್ತಾ ನೋಡಿದೆ. ದೀರ್ಘ ಇದ್ದದ್ದು ಎರಡಾಗಿದೆಯಾ? ಆದರೆ ಅಡೂರಿನಲ್ಲೂ ದೀರ್ಘ ಉಂಟು, ಅದು ಒಂದೇ. ಪೈವಳಿಕೆಯಲ್ಲಿ ದೀರ್ಘ ಇಲ್ಲ, ಅದು ಎರಡಾಗಿದೆ.

ಹೆಸರಿನ ಬೈಟ್ ಎಣಿಸಿದೆ. ಒಂದು ಕಾಸರಗೋಡಿಗೆ 24. ಇನ್ನೊಂದಕ್ಕೆ 30.

ಬೈಟುಗಳನ್ನು ಒಂದೊಂದಾಗಿ ತೋರಿಸುವ ಎಕ್ಸ್‌ಎಕ್ಸ್‌ಡಿಯಲ್ಲಿ ಬಿಡಿಸಿದಾಗ ಕಂಡಿತು. ಮೊದಲನೆಯದರಲ್ಲಿ ಗ ಆದ ಮೇಲೆ ಒಂದೇ ಚಿಹ್ನೆ, 8ಬಿ ಅಂತ ಕೊನೆಯಾಗುವುದು. ಅದು ಓಕಾರ. ಎರಡನೆಯದರಲ್ಲಿ ಗ ಆದ ಮೇಲೆ ಮೂರು ಚಿಹ್ನೆ, 86, 82, 95 ಅಂತ ಕೊನೆಯಾಗುವವು. ಒಂದನೇ ಕ್ಲಾಸಿನಲ್ಲಿ ಟೀಚರ್ ಬೆತ್ತ ಹಿಡಿದು ಹೇಳಿಸಿದ ಹಾಗೆ: ಗಕ್ಕೆ ಎತ್ವ, ಕೊಂಬಿನ ಇಳಿ, ದೀರ್ಘ, ಗೋ. ಯೂನಿಕೋಡಿನಲ್ಲಿ ಈ ಎರಡೂ ಸರಿ, ಎರಡಕ್ಕೂ ಅರ್ಥ ಒಂದೇ. ಕನ್ನಡದಲ್ಲಿ ಹೀಗೆ ಬಿಡಿಸಿ ಬರೆಯಬಹುದಾದ ಚಿಹ್ನೆಗಳು ಐದು: ಈ, ಏ, ಐ, ಒ, ಓ ಇವುಗಳ ಗುರುತುಗಳು. ಊಕಾರ ಬಿಡಿಯುವುದಿಲ್ಲ. ಅಡೂರು ಬಚಾವಾದದ್ದು ಹಾಗೆ. ಐಕಾರ ಬಿಡಿಯುತ್ತದೆ, ಪೈವಳಿಕೆ ಸಿಕ್ಕಿಬಿತ್ತು.

ಮ್ಯಾಕ್‌ನ ಹಳೇ ಫೈಲ್ ಪದ್ಧತಿ, ಎಚ್‌ಎಫ್‌ಎಸ್ ಪ್ಲಸ್, ಯಾವ ಹೆಸರು ಕೊಟ್ಟರೂ ಬಿಡಿಸಿಯೇ ಇಡುತ್ತದೆ. ತಂಗಿಯ ಡಿಸ್ಕ್ ಅದರದ್ದು. ಲಿನಕ್ಸ್ ಬೈಟ್ ಮಾತ್ರ ನೋಡುತ್ತದೆ, ಅರ್ಥ ನೋಡುವುದಿಲ್ಲ. ಹಾಗಾಗಿ ವಾಪಸ್ ಬಂದದ್ದು ಅದಕ್ಕೆ ಹೊಸ ಊರು. ಕನ್ನಡದಲ್ಲಿ ಒಂದೇ ಸ್ಪೆಲಿಂಗ್ ಅಂತ ನಾನು ಜಂಬ ಕೊಚ್ಚಿದ್ದೆನಲ್ಲ.

ಆರ್‌ಸಿಂಕ್‌ನಲ್ಲಿ ಇದಕ್ಕೆ ಮದ್ದು ಇದೆ. ಐಕಾನ್ವ್ ಆಯ್ಕೆಗೆ ಈ ಕಡೆ ಯುಟಿಎಫ್-8-ಮ್ಯಾಕ್, ಆ ಕಡೆ ಯುಟಿಎಫ್-8 ಅಂತ ಕೊಟ್ಟರೆ ಸಾಗಿಸುವಾಗಲೇ ಹೆಸರನ್ನು ಕೂಡಿಸುತ್ತದೆ. ಆದರೆ ಈ ಆಯ್ಕೆ ಬಂದದ್ದು 2008ರ ಆವೃತ್ತಿ 3ರಲ್ಲಿ. ತಂಗಿಯ ಮ್ಯಾಕ್‌ನಲ್ಲಿ ಇದ್ದದ್ದು 2.6.9. ಮ್ಯಾಕ್‌ಗೆ ಪ್ರೋಗ್ರಾಮ್ ಹಾಕಿ ಕೊಡುವ ಹೋಮ್‌ಬ್ರೂನಿಂದ ಹೊಸದು ಹಾಕಿಸಿದೆ. ಆಗಲೇ ಬಂದು ಬಿದ್ದದ್ದಕ್ಕೆ, ಹೆಸರಿನ ಬೈಟುಗಳನ್ನು ಬದಲಿಸುವ ಕಾನ್‌ವಿಎಮ್‌ವಿ ಬಳಸಿದೆ. ಅದು ಒಳ್ಳೆಯ ಹುಡುಗ. ನೋಟೆಸ್ಟ್ ಅಂತ ಹೇಳದಿದ್ದರೆ ಏನು ಮಾಡುತ್ತೇನೆ ಅಂತ ತೋರಿಸುತ್ತದೆ ಅಷ್ಟೇ, ಮಾಡುವುದಿಲ್ಲ. ಆದರೂ ಮೊದಲು ಬಂದ ಫೋಲ್ಡರಿಗೆಲ್ಲ "ತಂಗಿ" ಅಂತ ಮುಂದೆ ಸೇರಿಸಿ ಬೇರೆ ಮಾಡಿದೆ, ಆಮೇಲೆ ಕೂಡಿಸಿದೆ. ಎರಡು ಒಂದಾಗುವಾಗ ಯಾವುದು ಯಾವುದರ ಮೇಲೆ ಬೀಳುತ್ತದೆ ಅನ್ನುವ ಹೆದರಿಕೆ ನನಗಿನ್ನೂ ಹೋಗಿಲ್ಲ.

ಮಾವನ ಲ್ಯಾಪ್‌ಟಾಪಿನ ಸ್ಕ್ರಿಪ್ಟಿಗೂ ಎರಡು ಸಾಲು ಪೈಥಾನ್ ಸೇರಿಸಿದೆ. ಟೈಪ್ ಮಾಡಿದ್ದನ್ನು ಎನ್‌ಎಫ್‌ಸಿಗೆ, ಅಂದರೆ ಬಿಡಿಸದ ರೂಪಕ್ಕೆ, ಕೂಡಿಸುತ್ತದೆ. ಹಲಂತದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಬೋರ್ಡುಗಳು ಕಾಣದ ಒಂದು ಗುರುತು ಬಿಡುತ್ತವೆ, ಅದನ್ನೂ ತೆಗೆಯುತ್ತದೆ. ಕೊನೆಯಲ್ಲಿ ಮಾತ್ರ. ಪದದ ಮಧ್ಯೆ ಇರುವುದನ್ನು ತೆಗೆದರೆ ಒತ್ತಕ್ಷರ ಆಗಿ ಪದದ ರೂಪವೇ ಬದಲಾಗುತ್ತದೆ.

ಉಳಿದದ್ದು

ರಾತ್ರಿ 2 ಗಂಟೆಗೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ತಾರೀಕಿನ ಹೆಸರಲ್ಲಿ ಕಾಪಿ ಮಾಡಲು, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಹಾಕಿದೆ. ಕೈಯಲ್ಲಿ ಓಡಿಸಿದರೆ ಸರಿ, ಕ್ರಾನಿನಲ್ಲಿ ಓಡುವುದಿಲ್ಲ. ಕ್ರಾನಿನ ಪಟ್ಟಿ ಕ್ರಾನ್‌ಟ್ಯಾಬಿನಲ್ಲಿ ಶೇಕಡಾ ಗುರುತು ಅಂದರೆ ಸಾಲು ಮುಗಿಯಿತು ಅಂತ. ಡೇಟ್ ಕಮಾಂಡಿನಲ್ಲಿ ಇರುವುದೆಲ್ಲ ಶೇಕಡಾ ಗುರುತೇ. ಪ್ರತಿಯೊಂದಕ್ಕೂ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ನಾನು ಅಷ್ಟೂ ಸಾಲನ್ನು ಒಂದು ಸ್ಕ್ರಿಪ್ಟಿಗೆ ಹಾಕಿ, ಕ್ರಾನಿನಲ್ಲಿ ಅದರ ಹೆಸರು ಮಾತ್ರ ಬರೆದೆ.

ಈಗ ಮೂರು ತಿಂಗಳಾಯಿತು. ಕಾರ್ಡ್ ಎರಡು ಸಲ ಫಾರ್ಮ್ಯಾಟ್ ಆಗಿದೆ, ಬೇಕೆಂದೇ ಮಾಡಿಸಿದೆ. ರೆಕ್ 0001 ಮೂರು ಸಲ ಬಂತು, ಮೂರೂ ಬೇರೆ ಬೇರೆ ಹೆಸರಿನಲ್ಲಿ ಕೂತಿವೆ.

ಫೋಟೊರೆಕ್ ಕೊಟ್ಟ ಒಂದೂವರೆ ಫೈಲನ್ನು "ಗೊತ್ತಿಲ್ಲ" ಅನ್ನುವ ಫೋಲ್ಡರಿನಲ್ಲಿ ಇಟ್ಟಿದ್ದೆ. ಕಳೆದ ಭಾನುವಾರ ಮಾವ ಅಂಗಡಿಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತರು. ಎರಡು ನಿಮಿಷ ಕೇಳಿ, "ಇದು ಕುಂಬಳೆಯದ್ದು. ಹಿಂದೆ ನಾಯಿ ಬೊಗಳುವುದು ಕೇಳ್ತದಲ್ಲ, ಆವತ್ತು ಪೂರ್ತಿ ಬೊಗಳಿದೆ" ಅಂದರು. ಅರ್ಧದ್ದು ಯಾವುದು ಅಂತ ಅವರಿಗೂ ತಿಳಿಯಲಿಲ್ಲ. ಭಾಗವತರ ಮನೆಗೆ ಹೋಗಿ ಕೇಳಿಸುತ್ತೇನೆ ಅಂತ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋಗಿದ್ದಾರೆ.